ಹಿನ್ನೀರಿನಲ್ಲಿ ಸಿಕ್ಕ ಹಕ್ಕಿಯ ಕಾಲಲ್ಲಿ ಉಂಗುರ ಇದೆ, ಏನು ಮಾಡಬೇಕು?

ಹಿನ್ನೀರು ಹುಡುಗ (ಕೊಪ್ಪಳ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿದ್ದವರು ಬೇಗ ಹೇಳಿ.

ನಮ್ಮೂರು ತುಂಗಭದ್ರಾ ಹಿನ್ನೀರಿನ ದಂಡೆಗೆ, ಮುನಿರಾಬಾದಿನಿಂದ ಆಚೆಗೆ. ಕಾಕಾ ಮೀನು ಹಿಡಿಯುತ್ತಾರೆ. ಇವತ್ತು ನಸುಕಿನಲ್ಲಿ ತೆಪ್ಪ ತಗೊಂಡು ಬಲೆ ಎತ್ತಲು ಹೋಗಿದ್ದರು. ಈಗ ನೀರು ಇಳಿಯುವ ಕಾಲ ಅಲ್ವಾ, ದಂಡೆ ಕಡೆಯ ಬಲೆ ಅರ್ಧ ಕೆಸರಿನ ಮೇಲೆ ಬಿದ್ದಿತ್ತಂತೆ. ಅದರಲ್ಲಿ ಒಂದು ಸಣ್ಣ ಹಕ್ಕಿ ಸಿಕ್ಕಿಕೊಂಡಿತ್ತು. ಬಿಡಿಸಿ ಮನೆಗೆ ತಂದಿದ್ದಾರೆ. ಜೀವ ಇದೆ. ಪುಟ್ಟಿ ಮುಚ್ಚಿ ಇಟ್ಟಿದ್ದೇವೆ.

ವಿಷಯ ಏನಪ್ಪಾ ಅಂದರೆ, ಅದರ ಬಲಗಾಲಿಗೆ ಬೆಳ್ಳಗಿನ ಲೋಹದ ಉಂಗುರ ಇದೆ. ಮೇಲೆ ಇಂಗ್ಲಿಷ್ ಅಕ್ಷರ, ಅಂಕಿ. ತುಂಬಾ ಸಣ್ಣಕ್ಷರ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ‘ಇನ್‌ಫಾರ್ಮ್’ ಅನ್ನುವುದು ಕಾಣುತ್ತೆ, ಆಮೇಲೆ ‘ಬಾಂಬೆ’ ತರ ಏನೋ ಇದೆ. ಉಳಿದದ್ದು ಆ ಕಡೆಗೆ ತಿರುಗಿದೆ. ಹಕ್ಕಿ ಹೆಚ್ಚು ಕಡಿಮೆ ಗುಬ್ಬಿ ಗಾತ್ರ, ಕಾಲು ಮಾತ್ರ ಉದ್ದ. ಬೆನ್ನು ಬೂದುಕಂದು, ಹೊಟ್ಟೆ ಬಿಳಿ, ಕೊಕ್ಕು ಕಪ್ಪು, ಕಾಲೂ ಕಪ್ಪು.

ಓಣಿಯವರೆಲ್ಲ ಬಂದು ನೋಡಿ ಹೋಗುತ್ತಿದ್ದಾರೆ. ಒಬ್ಬರು ಇದು ಬೇರೆ ದೇಶದವರು ಬಿಟ್ಟ ಗೂಢಚಾರಿ ಹಕ್ಕಿ, ಸ್ಟೇಷನ್ನಿಗೆ ಕೊಡಿ ಅನ್ನುತ್ತಾರೆ. ಇನ್ನೊಬ್ಬರು ಕಟಿಂಗ್ ಪ್ಲೇಯರ್ ತಂದು ನಿಂತಿದ್ದಾರೆ, ಪಾಪ ಭಾರ ಆಗಿದೆ ತೆಗೆದುಬಿಡೋಣ ಅಂತ. ತಂಗಿ ಸಾಕುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಆಯಿ ಅಕ್ಕಿ ಹಾಕಿದ್ದಾಳೆ, ಅದು ಮುಟ್ಟಿಲ್ಲ. ಏನು ಮಾಡಲಿ?

ಬುಲೆಟ್ ಬಳ್ಳಾರಿ:

ಸ್ಟೇಷನ್ನಿಗೇ ಕೊಡು ಗುರು. ನಾಳೆ ಏನಾದರೂ ಆದರೆ ನಿಮ್ಮ ಕಾಕಾನ ಮೇಲೆ ಬರುತ್ತೆ. ಚಿಪ್ ಗಿಪ್ ಇದ್ದರೆ ಅವರು ನೋಡಿಕೊಳ್ಳುತ್ತಾರೆ.

ಮೋಟರ್ ರಿವೈಂಡಿಂಗ್ (ಗಂಗಾವತಿ):

ತಮ್ಮಾ, ಮೊದಲು ಆ ಪ್ಲೇಯರ್ ಹಿಡಿದವರನ್ನು ಮನೆಗೆ ಕಳಿಸು. ಉಂಗುರ ಮುಟ್ಟಬೇಡಿ. ಅವಸರದಲ್ಲಿ ಕತ್ತರಿಸಿದರೆ ಉಂಗುರದ ಜೊತೆ ಕಾಲೂ ಮುರಿಯುತ್ತೆ.

ಅಕ್ಕಿ ತೆಗೆದುಬಿಡು. ಅದು ಕೆಸರಿನಲ್ಲಿ ಹುಳ ಹೆಕ್ಕಿ ತಿನ್ನುವ ಹಕ್ಕಿ. ಬಾಯಿಗೆ ನೀರು ಬಿಡುವ ಸಾಹಸವನ್ನೂ ಯಾರೂ ಮಾಡಬೇಡಿ, ಉಸಿರಿಗೆ ಹೋಗಿ ಸಾಯುತ್ತೆ. ಪುಟ್ಟಿಗಿಂತ ಚಪ್ಪಲಿ ಬಾಕ್ಸ್ ಒಳ್ಳೆಯದು. ನಾಲ್ಕು ತೂತು ಮಾಡಿ, ಕೆಳಗೆ ಹಳೆ ಟವೆಲ್ ಹಾಸಿ, ಮುಚ್ಚಿ ಇಡು. ಕತ್ತಲಿದ್ದರೆ ಸುಮ್ನೆ ಕೂರುತ್ತೆ. ಆದರೆ ಜಾಸ್ತಿ ಹೊತ್ತು ಬೇಡ. ಈ ಜಾತಿಯ ಕೆಸರುಹಕ್ಕಿಗಳನ್ನು ಹಿಡಿದಿಟ್ಟಷ್ಟೂ ಕಾಲಿನ ಸ್ನಾಯು ಬಿಗಿಯುತ್ತೆ. ಆಮೇಲೆ ಬಿಟ್ಟರೂ ನಿಲ್ಲಲಾಗದೆ ನಾಯಿ ಬಾಯಿಗೆ ಬೀಳುತ್ತೆ. ಬಿಸಿಲು ಏರುವ ಮೊದಲು ನಂಬರ್ ಓದಿ, ಎಲ್ಲಿ ಸಿಕ್ಕಿತೋ ಆ ಕಡೆಯೇ ಬಿಟ್ಟುಬಿಡಿ.

ನಂಬರ್ ಓದುವುದು ಹೀಗೆ. ಹಕ್ಕಿಯ ಬೆನ್ನು ನಿನ್ನ ಅಂಗೈಗೆ ಬರಬೇಕು, ಕುತ್ತಿಗೆ ತೋರುಬೆರಳು ನಡುಬೆರಳಿನ ಮಧ್ಯೆ. ಉಳಿದ ಬೆರಳು ಮೈಮೇಲೆ ಸಡಿಲವಾಗಿ. ಎದೆ ಒತ್ತಬಾರದು, ಎದೆ ಆಡದಿದ್ದರೆ ಹಕ್ಕಿಗೆ ಉಸಿರೇ ಇಲ್ಲ. ಕಾಲು ಹಿಡಿದು ಮಾತ್ರ ಎತ್ತಬೇಡ. ಬರಹ ಉಂಗುರದ ಸುತ್ತ ಇರುತ್ತೆ, ಒಂದೇ ಫೋಟೋದಲ್ಲಿ ಪೂರ್ತಿ ಬರಲ್ಲ. ಉಂಗುರ ಸಡಿಲ ಇರುತ್ತೆ, ಬೆಂಕಿಕಡ್ಡಿಯಿಂದ ಮೆಲ್ಲಗೆ ತಿರುಗಿಸುತ್ತಾ ಮೂರು ನಾಲ್ಕು ಫೋಟೋ ತೆಗಿ. ನಿನ್ನ ತಂಗಿಗೆ ಫೋಟೋ ತೆಗೆಯುವ ಕೆಲಸ ಕೊಡು, ಸಾಕುವ ಹಠ ಮರೆಯುತ್ತಾಳೆ. ಅಂದಹಾಗೆ ಕಾಡುಹಕ್ಕಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದನ್ನೂ ಮನೆಯಲ್ಲಿ ಹೇಳು.

ನಿನಗೆ ಕಂಡ ಅಕ್ಷರ ‘ಇನ್‌ಫಾರ್ಮ್ ಬಾಂಬೆ ನ್ಯಾಟ್ ಹಿಸ್ಟ್ ಸೊಸೈಟಿ’ ಅಂತ ಇರಬೇಕು. ಅಂದರೆ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. 1883ರಿಂದ ಇರುವ ಸಂಸ್ಥೆ. ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ಕೆಲಸ ಮಾಡಿದ್ದು ಅಲ್ಲೇ. ಉಂಗುರದಲ್ಲಿ ಚಿಪ್ ಇಲ್ಲ, ಬ್ಯಾಟರಿ ಇಲ್ಲ, ಬರೀ ಅಲ್ಯೂಮಿನಿಯಂ ತರದ ಲೋಹ, ಅದರ ಮೇಲೊಂದು ನಂಬರ್. ಆ ನಂಬರ್ ಇನ್ನೊಂದು ಹಕ್ಕಿಗೆ ಇರಲ್ಲ. ಯಾವ ಊರಲ್ಲಿ, ಯಾವ ದಿನ, ಎಷ್ಟು ತೂಕ ಇದ್ದಾಗ ಹಾಕಿದರು ಅನ್ನುವುದು ಅವರ ದಾಖಲೆಯಲ್ಲಿ ಇರುತ್ತೆ. ನೀನು ನಂಬರ್, ತಾರೀಖು, ಊರು, ಹಕ್ಕಿ ಹೇಗೆ ಸಿಕ್ಕಿತು, ಜೀವ ಇತ್ತಾ ಅನ್ನುವುದನ್ನು ಅವರಿಗೆ ಬರೆದು ಕಳಿಸಬೇಕು, ಫೋಟೋ ಸಮೇತ. ಹತ್ತಿರದ ಅರಣ್ಯ ಇಲಾಖೆಗೂ ಒಂದು ಮಾತು ತಿಳಿಸು.

ನೀನು ಹೇಳಿದ ಗುರುತಿಗೆ ಇದು ಲಿಟಲ್ ಸ್ಟಿಂಟ್. ಕಾಲು ಹಳದಿಹಸಿರು ಇದ್ದಿದ್ದರೆ ಟೆಮ್ಮಿಂಕ್ಸ್ ಸ್ಟಿಂಟ್ ಅನ್ನುತ್ತಿದ್ದೆ. ಮೂರು ಹತ್ತು ರೂಪಾಯಿ ನಾಣ್ಯ ಕೈಯಲ್ಲಿ ಹಿಡಿದರೆ ಎಷ್ಟೋ ಅಷ್ಟೇ ತೂಕ. ಇದು ಮರಿ ಮಾಡುವುದು ಯುರೋಪ್, ಸೈಬೀರಿಯಾಗಳ ಉತ್ತರದ ತುದಿಯ ಹಿಮದ ಬಯಲಿನಲ್ಲಿ. ಚಳಿಗಾಲ ಕಳೆಯಲು ನಮ್ಮ ಕೆಸರಿಗೆ ಬರುತ್ತೆ.

ಬೇಗ ಮಾಡು. ಉಳಿದದ್ದು ಆಮೇಲೆ ಬರೆಯುತ್ತೇನೆ, ಅಂಗಡಿ ಬಾಗಿಲು ತೆಗೆಯಬೇಕು.

ಹಿನ್ನೀರು ಹುಡುಗ (ಕೊಪ್ಪಳ):

ಅಣ್ಣಾ, ಆಯ್ತು. ನೀವು ಹೇಳಿದಂತೆ ಕಡ್ಡಿಯಿಂದ ತಿರುಗಿಸಿ ಐದಾರು ಫೋಟೋ ತೆಗೆದೆವು. ನಂಬರ್ ಪೂರ್ತಿ ಸಿಕ್ಕಿತು. ಕಾಕಾನೇ ಒಯ್ದು ಕೆಸರಿನ ಅಂಚಿನಲ್ಲಿ ಬಿಟ್ಟರು. ಸ್ವಲ್ಪ ಹೊತ್ತು ಕೂತಿತ್ತಂತೆ, ಆಮೇಲೆ ಪುರ್ ಅಂತ ಹಾರಿ ಗುಂಪು ಸೇರಿತಂತೆ. ಮೇಲ್ ಈಗ ಬರೆಯುತ್ತೇನೆ.

ನಿಮಗೆ ಇದೆಲ್ಲ ಹೇಗೆ ಗೊತ್ತು? ರಿವೈಂಡಿಂಗ್ ಅಂಗಡಿಯವರು ಅಂತ ಹೆಸರಲ್ಲಿದೆ! ಉಂಗುರ ಎಲ್ಲಿ ಹಾಕಿರಬಹುದು?

ಮೋಟರ್ ರಿವೈಂಡಿಂಗ್ (ಗಂಗಾವತಿ):

ಭೇಷ್. ಕಾಕಾನಿಗೆ ನನ್ನ ನಮಸ್ಕಾರ ಹೇಳು.

ಎಲ್ಲಿ ಹಾಕಿದ್ದು ಅಂತ ನಂಬರ್ ನೋಡಿ ಅವರೇ ಹೇಳಬೇಕು, ನಾನು ಊಹೆ ಮಾಡಲ್ಲ. ಒಡಿಶಾದ ಚಿಲಿಕಾ ಇರಬಹುದು, ತಮಿಳುನಾಡಿನ ಕೋಡಿಯಕ್ಕರೈ ಇರಬಹುದು, ಬೇರೆ ಎಲ್ಲಾದರೂ ಇರಬಹುದು.

ನನ್ನದು ಏನೆಂದರೆ, ಮದುವೆಗೆ ಮುಂಚೆ ಕೆಲಸ ಇಲ್ಲದೆ ತಿರುಗುತ್ತಿದ್ದಾಗ ಗೆಳೆಯನೊಬ್ಬನ ಹಿಂದೆ ಕೋಡಿಯಕ್ಕರೈಗೆ ಹೋಗಿದ್ದೆ. ಅವನು ಓದಿದವನು. ನಾನು ಬಿದಿರು ಗಳ ಹೊರಲು, ಬಲೆ ಕಟ್ಟಲು, ರಾತ್ರಿ ಲೈಟ್ ಹಿಡಿಯಲು. ಕೆಲವು ಚಳಿಗಾಲ ಹಾಗೇ ಹೋದವು. ಸಣ್ಣ ತಂತಿ ಎಳೆಯುವ ಕೈ ಇತ್ತಲ್ಲ, ಬಲೆಯಿಂದ ಹಕ್ಕಿ ಬಿಡಿಸುವ ಕೆಲಸ ಬೇಗ ಕೂತಿತು.

ಜಾಗ ನಾಗಪಟ್ಟಿಣಂ ಜಿಲ್ಲೆಯಲ್ಲಿ, ಭೂಪಟದಲ್ಲಿ ಕರಾವಳಿ ಮೊಣಕೈ ತರ ಒಳಗೆ ತಿರುಗುತ್ತಲ್ಲ, ಆ ತುದಿ. ಪಕ್ಕದ ಊರು ವೇದಾರಣ್ಯಂ, ಸುತ್ತ ಉಪ್ಪಿನ ಗದ್ದೆ. ಒಂದು ಕಡೆ ಕುರುಚಲು ಕಾಡು, ಅದರಲ್ಲಿ ಕೃಷ್ಣಮೃಗ. ನಮ್ಮ ಯಲಬುರ್ಗಾ ಹೊಲಗಳಲ್ಲಿ ಕಂಡರೆ ಬೈಯುತ್ತೇವಲ್ಲ, ಅದೇ ಜಿಂಕೆ. ಅಲ್ಲಿ ಅದನ್ನು ನೋಡಲು ಜನ ಟಿಕೆಟ್ ತಗೊಂಡು ಬರುತ್ತಾರೆ! ಇನ್ನೊಂದು ಕಡೆ ಕಣ್ಣು ಹೋದಷ್ಟು ದೂರ ತೆಳು ನೀರು, ಕೆಸರು. ರಾಜಹಂಸ, ಉಲ್ಲಂಕಿ, ಕಡಲಕ್ಕಿ ಎಲ್ಲ ಅಲ್ಲೇ. 1980ರ ದಶಕದಲ್ಲಿ ಅಲ್ಲಿ ರಿಂಗ್ ಹಾಕುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದಿತ್ತು. 2002ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ.

ಬಲೆ ಅಂದರೆ ಮೀನಿನ ಬಲೆ ಅಲ್ಲ. ಮಿಸ್ಟ್ ನೆಟ್ ಅಂತ, ಕಪ್ಪು ದಾರದ ತೀರಾ ತೆಳು ಬಲೆ. ಎರಡು ಗಳದ ಮಧ್ಯೆ ನಿಲ್ಲಿಸಿದರೆ ಆಳೆತ್ತರ ದಾಟುತ್ತೆ. ಅಡ್ಡಕ್ಕೆ ಸಾಲು ಸಾಲು ಜೋಳಿಗೆ ಬಿಟ್ಟಿರುತ್ತಾರೆ. ಹಕ್ಕಿ ಬಡಿದ ಕೂಡಲೇ ಕೆಳಗಿನ ಜೋಳಿಗೆಗೆ ಬಿದ್ದು ಹಾಗೇ ಕೂರುತ್ತೆ. ಕೆಸರುಹಕ್ಕಿಗಳಿಗೆ ರಾತ್ರಿಯೇ ಬಲೆ, ಅದೂ ಅಮಾವಾಸ್ಯೆ ಆಸುಪಾಸು. ಬೆಳದಿಂಗಳಿದ್ದರೆ ಅವಕ್ಕೆ ಬಲೆ ಕಾಣುತ್ತೆ. ಗಾಳಿ ಬೀಸಿದರೂ ಕೆಲಸ ಕೆಟ್ಟಿತು, ಬಲೆ ಹಾಯಿಯಾಗಿ ಉಬ್ಬುತ್ತೆ. ಮೊಣಕಾಲು ಕೆಸರು, ಉಪ್ಪುನೀರು. ಕಾಲಲ್ಲಿ ಗಾಯ ಇದ್ದವನ ಪಾಡು ಕೇಳಬೇಡ.

ಬಿಡಿಸಿದ ಹಕ್ಕಿ ಡೇರೆಗೆ ಬರುತ್ತೆ. ಅಲ್ಲಿ ಮೊದಲು ಯಾವ ಜಾತಿ ಅಂತ ಗುರುತು ಮಾಡಿ, ಕಾಲಿನ ದಪ್ಪಕ್ಕೆ ತಕ್ಕ ಉಂಗುರ ಆರಿಸುತ್ತಾರೆ. ಗಾತ್ರಕ್ಕೆ ಒಂದೊಂದು ಸರಣಿ. ಸುಮ್ನೆ ಯಾವುದೋ ಪ್ಲೇಯರ್ ಅಲ್ಲ, ಉಂಗುರದ ಅಳತೆಗೇ ತೂತು ಇರುವ ಪ್ಲೇಯರ್. ಒತ್ತಿದರೆ ಎರಡೂ ತುದಿ ಕೂಡುತ್ತೆ, ಒಂದರ ಮೇಲೊಂದು ಏರಬಾರದು. ಏರಿದರೆ ಕಾಲು ಕೊಯ್ಯುತ್ತೆ. ಆಮೇಲೆ ರೆಕ್ಕೆಯ ಅಳತೆ, ಕೊಕ್ಕಿನ ಅಳತೆ, ಯಾವ ಗರಿ ಉದುರಿದೆ ಯಾವುದು ಹೊಸದು, ಮರಿಯೋ ದೊಡ್ಡದೋ. ಕೊನೆಗೆ ಬಟ್ಟೆ ಚೀಲದಲ್ಲಿ ಹಾಕಿ ತೂಗುವುದು. ಒಬ್ಬ ಹೇಳುತ್ತಾನೆ, ಒಬ್ಬ ಬರೆಯುತ್ತಾನೆ. ಬರೆಯುವವನು ನಂಬರನ್ನು ವಾಪಸ್ ಓದಿ ಹೇಳಲೇಬೇಕು. ಬಂದ ಹೊಸದರಲ್ಲಿ ಸಣಕಲಾಗಿರುವ ಹಕ್ಕಿ ಮಾರ್ಚ್ ಏಪ್ರಿಲ್‌ನಲ್ಲಿ ಕೈಗೆ ಬಂದರೆ ಎದೆ ಕೆಳಗೆ ಹಳದಿ ಕೊಬ್ಬು ಚರ್ಮದಡಿ ಕಾಣುತ್ತೆ. ಹಾರಿ ಹೋಗಲು ಡೀಸೆಲ್ ತುಂಬಿಸಿಕೊಂಡಿರುತ್ತೆ.

ಹಕ್ಕಿ ಹಿಡಿಯುವ ಕಲೆ ಈ ವಿಜ್ಞಾನಿಗಳಿಗೆ ಎಲ್ಲಿಂದ ಬಂತು ಗೊತ್ತಾ? ಬಿಹಾರದ ಮೀರ್‌ಶಿಕಾರ್ ಅನ್ನುವ ಬೇಟೆಗಾರ ಜನರಿಂದ. ಅಲಿ ಹುಸೇನ್ ಅಂತ ಅವರಲ್ಲಿ ಹೆಸರಾದವರು, ಸೊಸೈಟಿಯವರ ಜೊತೆ ಬಹಳ ಕಾಲ ಕೆಲಸ ಮಾಡಿದರು. ಪೇಪರಿನಲ್ಲಿ ವಿಜ್ಞಾನಿಗಳ ಹೆಸರು ಬರುತ್ತೆ. ಕತ್ತಲಲ್ಲಿ ಹಕ್ಕಿಗೆ ಒಂದು ಗರಿ ಉದುರದಂತೆ ಹಿಡಿದವರ ಹೆಸರು ಎಷ್ಟು ಕಡೆ ಬಂದಿದೆ ಹೇಳಿ. ನನಗೆ ಈ ವಿಷಯದಲ್ಲಿ ಸ್ವಲ್ಪ ಸಿಟ್ಟಿದೆ.

ರಾಯಚೂರು ಟೀಚರ್:

ಓದಿ ಖುಷಿ ಆಯ್ತು ಅಣ್ಣಾರೆ, ಆದರೂ ಒಂದು ಮಾತು ಕೇಳುತ್ತೇನೆ. ಸಾವಿರಾರು ಮೈಲಿ ಹಾರಿ ಬಂದ ಜೀವವನ್ನು ಬಲೆಗೆ ಕೆಡವಿ, ಅಳತೆ ಮಾಡಿ, ಕಾಲಿಗೆ ಲೋಹ ಹಾಕಿ ಕಳಿಸುವುದು ಹಿಂಸೆ ಅಲ್ವಾ? ಈಗ ಉಪಗ್ರಹ, ಜಿಪಿಎಸ್ ಎಲ್ಲ ಇದೆಯಲ್ಲ. ಇನ್ನೊಂದು, ಗೂಢಚಾರಿ ಅನ್ನುವ ಮಾತು ಯಾಕೆ ಪದೇ ಪದೇ ಬರುತ್ತೆ? ನಮ್ಮ ಶಾಲೆಯ ಮಕ್ಕಳೂ ಅದನ್ನೇ ಕೇಳುತ್ತಾರೆ.

ಮೋಟರ್ ರಿವೈಂಡಿಂಗ್ (ಗಂಗಾವತಿ):

ಟೀಚರ್, ನ್ಯಾಯವಾದ ಪ್ರಶ್ನೆ. ಹಕ್ಕಿಗೆ ಹೆದರಿಕೆ ಆಗಲ್ಲ ಅಂತ ನಾನು ಹೇಳಲ್ಲ. ಕೈಯಲ್ಲಿ ಹಿಡಿದಾಗ ಎದೆ ಬಡಿಯುವುದು ನಮ್ಮ ಬೆರಳಿಗೇ ಗೊತ್ತಾಗುತ್ತೆ. ಅಪರೂಪಕ್ಕೆ ಸಾಯುವುದೂ ಉಂಟು. ಅದಕ್ಕೇ ಕಟ್ಟುನಿಟ್ಟು. ಬಲೆಯನ್ನು ಮೇಲಿಂದ ಮೇಲೆ ನೋಡುತ್ತಿರಬೇಕು, ಬಿಸಿಲಿನಲ್ಲಿ ಮಳೆಯಲ್ಲಿ ಬಲೆ ತೆರೆದಿಡುವಂತಿಲ್ಲ. ಹಕ್ಕಿ ಜಾಸ್ತಿ ಬಿದ್ದರೆ ಅಳತೆ ಬಿಟ್ಟು ಬರೀ ರಿಂಗ್ ಹಾಕಿ ಕಳಿಸಬೇಕು. ಕಲಿಯದವನ ಕೈಗೆ ಹಕ್ಕಿ ಕೊಡಬಾರದು. ಸರ್ಕಾರದ ಪರವಾನಗಿ ಇಲ್ಲದೆ ಯಾರೂ ಇದನ್ನು ಮಾಡುವಂತಿಲ್ಲ. ಇಷ್ಟಾದರೂ ಫೋಟೋಗೋಸ್ಕರ ಹಕ್ಕಿಯನ್ನು ಕೈಯಲ್ಲಿ ಹಿಡಿದು ನಿಲ್ಲುವವರನ್ನು ನೋಡಿದ್ದೇನೆ. ಅಂಥವರನ್ನು ಶಿಬಿರದಿಂದ ಓಡಿಸಬೇಕು, ನನ್ನ ಮಾತು ಇಷ್ಟೇ.

ಜಿಪಿಎಸ್ ವಿಷಯ. ಮೈತೂಕದ ನೂರಕ್ಕೆ ಮೂರರಿಂದ ಐದು ಪಾಲಿಗಿಂತ ಜಾಸ್ತಿ ಭಾರ ಹೊರಿಸಬಾರದು ಅನ್ನುವುದು ರೂಢಿ. 2013ರಲ್ಲಿ ನಾಗಾಲ್ಯಾಂಡಿನ ಪಾಂಗ್ಟಿಯಲ್ಲಿ ಅಮೂರ್ ಫಾಲ್ಕನ್ ಅನ್ನುವ ವಲಸೆ ಬೇಟೆಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಹಾಕಿದ್ದು ನೆನಪಿರಬಹುದು. ಅದು ಐದು ಗ್ರಾಂ. ಹಿಂದಿನ ವರ್ಷ ಅದೇ ಕಡೆ ಬಲೆ ಕಟ್ಟಿ ಆ ಹಕ್ಕಿಗಳನ್ನು ರಾಶಿ ರಾಶಿ ಕೊಂದಿದ್ದರು. ಟ್ಯಾಗ್ ಹಾಕಿದ ಹಕ್ಕಿಗಳು ಅರಬ್ಬೀ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗಿದ್ದನ್ನು ಊರವರೇ ಹಿಂಬಾಲಿಸಿ ಕೇಳುವಂತಾಯಿತು. ಫಾಲ್ಕನ್ ಆ ಭಾರ ಹೊರುತ್ತೆ. ನಮ್ಮ ಹುಡುಗನಿಗೆ ಸಿಕ್ಕ ಹಕ್ಕಿ ಇಪ್ಪತ್ತು ಚಿಲ್ಲರೆ ಗ್ರಾಂ. ನೂರಕ್ಕೆ ಮೂರು ಅಂದರೆ ಮುಕ್ಕಾಲು ಗ್ರಾಂ ಕೂಡ ಇಲ್ಲ. ಅದಕ್ಕೆ ಉಂಗುರವೇ ಗತಿ. ದುಡ್ಡಿನ ಲೆಕ್ಕ ಬೇರೆ. ಒಂದು ಟ್ಯಾಗಿನ ಬೆಲೆಗೆ ಮೂಟೆಗಟ್ಟಲೆ ಉಂಗುರ ಬರುತ್ತೆ. ಉಂಗುರದ ಕಷ್ಟ ಏನೆಂದರೆ, ಅದು ತಾನಾಗಿ ಮಾತಾಡಲ್ಲ. ಸಣ್ಣ ಹಕ್ಕಿಗಳಲ್ಲಿ ರಿಂಗ್ ಹಾಕಿದ ನೂರರಲ್ಲಿ ಒಂದರ ಸುದ್ದಿಯೂ ವಾಪಸ್ ಬರಲ್ಲ. ಯಾರೋ ಒಬ್ಬ ಮೀನುಗಾರ, ಯಾರೋ ಒಬ್ಬ ಕುರಿ ಕಾಯುವವ ನೋಡಿ ತಿಳಿಸಬೇಕು. ಅದಕ್ಕೇ ಈ ಕಾಕಾನ ಬಲೆ ನನಗೆ ದೊಡ್ಡ ಸುದ್ದಿ.

ಬಂದ ಸುದ್ದಿಯಿಂದ ಗೊತ್ತಾಗುವುದು ಬಹಳ ಇದೆ. ಅದೇ ಹಕ್ಕಿ ಮರುವರ್ಷ ಅದೇ ಕೆಸರಿಗೆ ಬರುತ್ತಾ, ದಾರಿಯಲ್ಲಿ ಎಲ್ಲಿ ಇಳಿಯುತ್ತೆ, ಎಷ್ಟು ವರ್ಷ ಬದುಕುತ್ತೆ. 1956ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಒಂದು ಅಲ್ಬಟ್ರಾಸ್‌ಗೆ, ಅಂದರೆ ದೊಡ್ಡ ಕಡಲಹಕ್ಕಿಗೆ, ಉಂಗುರ ಹಾಕಿದರು. ಈಗ ವಿಸ್ಡಮ್ ಅಂತ ಕರೆಯುತ್ತಾರೆ. ಉಂಗುರ ಸವೆದಂತೆ ಬದಲಿಸುತ್ತಾ ಬಂದಿದ್ದಾರೆ. 2024ರ ಕೊನೆಯಲ್ಲೂ ಅದು ಮೊಟ್ಟೆ ಇಟ್ಟಿತ್ತು. ಉಂಗುರ ಇಲ್ಲದಿದ್ದರೆ ಅದೇ ಹಕ್ಕಿ ಅಂತ ಯಾರು ನಂಬುತ್ತಿದ್ದರು?

ಗೂಢಚಾರಿ ಮಾತಿಗೆ ಬರೋಣ. ಇದು ಮೊಬೈಲ್ ಕಾಲದ್ದಲ್ಲ, ಹಳೆಯದು. ನಮ್ಮ ಕರ್ನಾಟಕದಿಂದಲೇ ಶುರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಬಂತಲ್ಲ, ಆ ವೈರಸ್ಸು ರಷ್ಯಾ ಕಡೆಯ ಒಂದು ಜ್ವರದ ವೈರಸ್ಸಿಗೆ ಹತ್ತಿರದ್ದು. ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆ ಹುಳದಿಂದ ಬಂದಿರಬಹುದೇ ಅಂತ ಅನುಮಾನ ಹುಟ್ಟಿತು. ಅದನ್ನು ಹಿಡಿದು ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯಿಂದ ಹಣ ತಂದು ದೊಡ್ಡದಾಗಿ ರಿಂಗ್ ಹಾಕುವ ಕೆಲಸ ನಡೆಸಿದರು. ಹಕ್ಕಿಗಳು ಆ ರೋಗ ತಂದವು ಅನ್ನುವುದು ಸಾಬೀತಾಗಲಿಲ್ಲ. ಆದರೆ 1960ರ ದಶಕದಲ್ಲಿ ಈ ಕೆಲಸಕ್ಕೆ ಅಮೆರಿಕದ ಸೇನೆಯ ದುಡ್ಡೂ ಬಂದಿತ್ತು. ಆ ಸಂಗತಿ ಹೊರಬಿದ್ದು 1970ರ ದಶಕದಲ್ಲಿ ಸಂಸತ್ತಿನವರೆಗೆ ಗಲಾಟೆ ಆಯಿತು, ಹಕ್ಕಿಗಳ ಹೆಸರಲ್ಲಿ ರೋಗಾಣು ಯುದ್ಧದ ತಯಾರಿ ಅಂತ. ಅನುಮಾನ ಪಟ್ಟವರನ್ನು ನಾನು ಪೂರ್ತಿ ದಡ್ಡರು ಅನ್ನಲ್ಲ. ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಕಾದ್ದೇ.

ಆದರೆ ಪಾಪದ ಹಕ್ಕಿಯನ್ನು ಕೂಡಿಹಾಕುವುದು ಬೇರೆ ಮಾತು. 2023ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಒಂದು ಪಾರಿವಾಳ ಹಿಡಿದರು. ಕಾಲಲ್ಲಿ ರಿಂಗ್, ರೆಕ್ಕೆ ಮೇಲೆ ಚೀನೀ ಲಿಪಿ. ಎಂಟು ತಿಂಗಳು ಪಂಜರ! ಕೊನೆಗೆ ಅದು ತೈವಾನಿನ ರೇಸ್ ಪಾರಿವಾಳ ಅಂತ ತಿಳಿದು 2024ರ ಜನವರಿಯಲ್ಲಿ ಬಿಟ್ಟರು. ಬುಲೆಟ್ ಬಳ್ಳಾರಿ ತಮ್ಮಾ, ಅದಕ್ಕೇ ಸ್ಟೇಷನ್ ಬೇಡ ಅನ್ನುವುದು. ಮಕ್ಕಳಿಗೆ ಈ ಪಾರಿವಾಳದ ಕಥೆ ಹೇಳಿ ಟೀಚರ್, ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಬುಲೆಟ್ ಬಳ್ಳಾರಿ:

ಆಯ್ತು ಅಣ್ಣ, ಒಪ್ಪಿದೆ. ನನ್ನದೂ ಒಂದು ಪ್ರಶ್ನೆ. ಹೋದ ಚಳಿಗಾಲ ಅಂಕಸಮುದ್ರ ಕೆರೆಗೆ ರೈಡ್ ಹೋಗಿದ್ದೆವು, ಹಗರಿಬೊಮ್ಮನಹಳ್ಳಿ ಹತ್ತಿರ. (ಈಗ ವಿಜಯನಗರ ಜಿಲ್ಲೆ, ನಮಗೆ ಇನ್ನೂ ಬಳ್ಳಾರಿಯೇ.) ಅಲ್ಲಿ ಒಬ್ಬರು ಕೊರಳಲ್ಲಿ ಹಸಿರು ಪಟ್ಟಿ ಇರುವ ಬಾತು ಬರುತ್ತೆ ಅಂದರು. ಅದೂ ಇದೇ ತರದ್ದಾ?

ಮೋಟರ್ ರಿವೈಂಡಿಂಗ್ (ಗಂಗಾವತಿ):

ಕೆಲಸ ಅದೇ ತರದ್ದು, ಹಕ್ಕಿ ಬೇರೆ. ಪಟ್ಟೆತಲೆ ಹೆಬ್ಬಾತು ಇರಬೇಕು, ತಲೆ ಹಿಂದೆ ಎರಡು ಕಪ್ಪು ಗೆರೆ ಇರುತ್ತೆ ನೋಡು. ಮಂಗೋಲಿಯಾದಲ್ಲಿ ಅವಕ್ಕೆ ಹಸಿರು ಕೊರಳಪಟ್ಟಿ ಹಾಕುತ್ತಾರೆ, ಬಿಳಿ ಅಕ್ಷರದಲ್ಲಿ ಕೋಡ್. ಅಂಥವು ಕರ್ನಾಟಕದ ಕೆರೆಗಳಲ್ಲೂ ಕಾಣಿಸಿವೆ. ಹಿಮಾಲಯದ ಮೇಲಿಂದ ಬರುವ ಹಕ್ಕಿ ಅದು, 7,000 ಮೀಟರ್ ಮೀರಿ ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. ಇದರ ಅನುಕೂಲ ಏನೆಂದರೆ ಹಕ್ಕಿಯನ್ನು ಮತ್ತೆ ಹಿಡಿಯಬೇಕಾಗಿಲ್ಲ, ದಂಡೆಯಲ್ಲಿ ನಿಂತು ದುರ್ಬೀನಿನಲ್ಲಿ ಕೋಡ್ ಓದಬಹುದು. ಸಣ್ಣ ಕೆಸರುಹಕ್ಕಿಗಳ ಕಾಲಿಗೂ ಈಗ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಹಾಕುತ್ತಾರೆ, ಬಾವುಟದ ತರ ಒಂದು ತುದಿ ಹೊರಗೆ ಚಾಚಿರುತ್ತೆ. ಒಂದೊಂದು ಜಾಗಕ್ಕೆ ಒಂದೊಂದು ಬಣ್ಣದ ಜೋಡಿ. ಕಂಡರೆ ಯಾವ ಕಾಲು, ಯಾವ ಬಣ್ಣ ಮೇಲೆ ಯಾವುದು ಕೆಳಗೆ, ಮೊಣಕಾಲಿನ ಮೇಲೋ ಕೆಳಗೋ ಅಂತ ಬರೆದುಕೋ. ಎಡಬಲ ಹಕ್ಕಿಯದು, ನಿನ್ನದಲ್ಲ.

2024ರಲ್ಲಿ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾ ಕಡೆಯ ಅಘನಾಶಿನಿ ಅಳಿವೆ ಮೂರೂ ಒಟ್ಟಿಗೆ ರಾಮ್ಸರ್ ಪಟ್ಟಿಗೆ ಬಂದವು. ಅಘನಾಶಿನಿ ಕಡಲಿನದು, ಉಳಿದೆರಡು ನಮ್ಮ ಬಯಲುಸೀಮೆಯವು. ಬೈಕಿನಲ್ಲಿ ಹೋಗುವವರು ಕೆರೆ ಏರಿ ಮೇಲೆ ಸೈಲೆನ್ಸರ್ ಸದ್ದು ಕಡಿಮೆ ಮಾಡಿಕೊಂಡರೆ ಸಾಕು.

ಹಿನ್ನೀರು ಹುಡುಗ (ಕೊಪ್ಪಳ):

ಮೇಲ್ ಕಳಿಸಿದೆ ಅಣ್ಣಾ. ಕಾಕಾನಿಗೆ ಒಂದು ಹೆದರಿಕೆ ಇದೆ. ಬಲೆಯಲ್ಲಿ ಸಿಕ್ಕಿತು ಅಂತ ಬರೆದರೆ ಕೇಸ್ ಆಗುತ್ತಾ ಅಂತ. ನಾನು ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಮೋಟರ್ ರಿವೈಂಡಿಂಗ್ (ಗಂಗಾವತಿ):

ಸರಿ ಮಾಡಿದೆ. ಮೀನಿನ ಬಲೆಗೆ ತಾನಾಗಿ ಬಿದ್ದ ಹಕ್ಕಿಯನ್ನು ಜೀವಸಹಿತ ಬಿಟ್ಟಿದ್ದಾರೆ, ಹೆದರುವಂಥದ್ದು ಏನಿಲ್ಲ. ಹೇಗೆ ಸಿಕ್ಕಿತು ಅನ್ನುವುದೂ ಅವರಿಗೆ ಬೇಕಾದ ಮಾಹಿತಿಯೇ. ಉತ್ತರ ನಾಳೆಯೇ ಬರುತ್ತೆ ಅಂತ ಕಾಯಬೇಡ, ತಡವಾಗಬಹುದು. ಬಂದಾಗ ಇಲ್ಲಿ ಹಾಕು.

ಕಾಕಾನಿಗೆ ಒಂದೇ ಮಾತು ಹೇಳು. ನೀರು ಇಳಿಯುವ ಈ ತಿಂಗಳುಗಳಲ್ಲಿ ದಂಡೆ ಬಲೆಯನ್ನು ರಾತ್ರಿ ಕೆಸರಿನ ಮೇಲೆ ಬಿಡುವುದು ಬೇಡ, ಸ್ವಲ್ಪ ಒಳಗೆ ಆಳಕ್ಕೆ ಸರಿಸಲಿ. ಈ ಹಕ್ಕಿಗಳು ಕತ್ತಲಲ್ಲೇ ಮೇಯುವುದು ಜಾಸ್ತಿ. ಕೆಸರಿನ ಮೇಲಿನ ಬಲೆಯಲ್ಲಿ ಮೀನೂ ಇಲ್ಲ.

ಹಿನ್ನೀರು ಹುಡುಗ (ಕೊಪ್ಪಳ):

ಹೇಳಿದೆ. ಇವತ್ತು ಸಂಜೆಯೇ ಸರಿಸುತ್ತೇನೆ ಅಂದರು. ಮತ್ತೆ ಅವರೇ ಕೇಳಲು ಹೇಳಿದ್ದಾರೆ, ಗಂಗಾವತಿಯಲ್ಲಿ ನಿಮ್ಮ ಅಂಗಡಿ ಯಾವ ಕಡೆ? ನಮ್ಮ ಹೊಲದ ಮೋಟರ್ ಸುಟ್ಟು ವಾರ ಆಯ್ತು.

ಮೋಟರ್ ರಿವೈಂಡಿಂಗ್ (ಗಂಗಾವತಿ):

ಎಷ್ಟು ಎಚ್‌ಪಿ? ಸಬ್‌ಮರ್ಸಿಬಲ್ಲಾ, ಮೇಲಿನದಾ? ಮೆಸೇಜ್ ಮಾಡು, ದಾರಿ ಹೇಳುತ್ತೇನೆ. ಬರುವಾಗ ಆ ಉಂಗುರದ ಫೋಟೋ ತೋರಿಸು.